ಅಂಗೈಯಗಲ ಬೆನ್ನು ಮತ್ತು ಪಡಸಾಲೆಯ ಕಂಬ

ಮಾಯವಾಗುವ ಮನುಷ್ಯರ ಕಥೆಗಳನ್ನು ನಾನು ಸಾಕಷ್ಟು ಓದಿದ್ದೇನೆ. ಹಳೆಯ ವಿಜ್ಞಾನ ಕಥೆಗಳಲ್ಲಿ ಅವರ ಬಾಳಿನ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲ ದಿನ ಖುಷಿ. ಎರಡನೆಯ ದಿನ ಚಳಿ, ಏಕೆಂದರೆ ಮೈ ಕಾಣದಿದ್ದರೂ ಅಂಗಿ ಕಾಣುತ್ತದೆ, ಆದ್ದರಿಂದ ಅಂಗಿ ಹಾಕುವಂತಿಲ್ಲ. ಮೂರನೆಯ ದಿನ ಹಸಿವು. ನಾಲ್ಕನೆಯ ದಿನ ನಾಯಿಗಳು. ಅಲ್ಲಿಂದ ಮುಂದೆ ಸಿಟ್ಟು, ಕಳವು, ಓಟ. ಆದರೆ ಒಂದು ತೊಂದರೆಯನ್ನು ಯಾವ ಕಥೆಗಾರನೂ ಬರೆದಿದ್ದನ್ನು ನಾನು ಕಂಡಿಲ್ಲ. ಮಾಯವಾದವರು ಸರಕಾರಿ ಅರ್ಜಿ ತುಂಬುವುದು ಬಹಳ ಕಷ್ಟ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಎಂಬತ್ತರ ದಶಕದಲ್ಲಿ ಎರಡು ವರ್ಷ ಹತ್ತು ತಿಂಗಳು ನಾನು ಕಾಣದವಳಾಗಿದ್ದೆ. ಯಾವ ಔಷಧಿಯನ್ನೂ ಕುಡಿದಿರಲಿಲ್ಲ. ದಿಗ್ಗೇವಾಡಿಗೆ ಸೊಸೆಯಾಗಿ ಹೋಗಿದ್ದೆ, ಅಷ್ಟೇ.

ನಮ್ಮ ತಂದೆ ರಾಯಬಾಗದ ರೈಲು ನಿಲ್ದಾಣದಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ತವರುಮನೆ ನಡೆಯುತ್ತಿದ್ದದ್ದು ರೈಲಿನ ಮೇಲೆ. ಮುಂಜಾನೆಯ ಪ್ಯಾಸೆಂಜರ್ ಬಂದರೆ ಜಳಕ, ಮಾಲುಗಾಡಿ ಹೋದರೆ ಊಟ. ಮಾಲುಗಾಡಿ ತಡವಾದ ದಿನ ನಾವೂ ಹಸಿದೇ ಕೂರುತ್ತಿದ್ದೆವು. ಹಾಗೆ ಬೆಳೆದ ನನಗೆ ಸಿಕ್ಕ ಮಾವನವರು ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಐದಕ್ಕೆ ಏಳುವುದು, ಐದೂ ಇಪ್ಪತ್ತಕ್ಕೆ ಗಡ್ಡ, ಆರಕ್ಕೆ ಕಬ್ಬಿನ ಹೊಲ, ಹನ್ನೆರಡೂವರೆಗೆ ಊಟ, ಒಂದೂಕಾಲಿಗೆ ಪಡಸಾಲೆಯ ಹೊರಸಿನ ಮೇಲೆ ಪೇಪರು. ಅತ್ತೆಗೂ ನನ್ನ ಗಂಡನಿಗೂ ಗಡಿಯಾರವೆಂದರೆ ಗೋಡೆಯ ಮೇಲಿನ ಒಂದು ಅಲಂಕಾರ. ಆ ಮನೆಯಲ್ಲಿ ಅದನ್ನು ನೋಡುತ್ತಿದ್ದವರು ನಾವಿಬ್ಬರೇ, ಮಾವನವರು ಮತ್ತು ನಾನು. ಆದರೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುವಂತಿರಲಿಲ್ಲ.

ರಿವಾಜು ಹಾಗಿತ್ತು. ಸೊಸೆಯಾದವಳು ಮಾವನ ಎದುರಿಗೆ ಬರಬಾರದು, ಮಾತಾಡಬಾರದು. ಮಾವನವರು ತಲಬಾಗಿಲಿನಲ್ಲಿ ಮೂರು ಸಲ ಕೆಮ್ಮುತ್ತಿದ್ದರು. ಮೂರನೆಯ ಕೆಮ್ಮಿನೊಳಗೆ ನಾನು ಸೆರಗು ಎಳೆದುಕೊಂಡು ನಡುಮನೆಯ ಬಾಗಿಲ ಹಿಂದೆ ಸೇರಿರಬೇಕು. ಅವರಿಗೆ ಏನಾದರೂ ಬೇಕಿದ್ದರೆ ಪಡಸಾಲೆಯ ನಡುವಿನ ಕಂಬಕ್ಕೆ ಹೇಳುತ್ತಿದ್ದರು. ‘ಚಾ ಆಗೇತೇನು?’ ಎಂದು ಕಂಬವನ್ನು ಕೇಳುವರು. ನಾನು ಬಾಗಿಲ ಹಿಂದಿನಿಂದ ಬಳೆ ಬಾರಿಸುವೆ. ಒಮ್ಮೆ ಬಾರಿಸಿದರೆ ಹೌದು, ಎರಡು ಸಲ ಬಾರಿಸಿದರೆ ಇಲ್ಲ, ಮೂರು ಸಲವಾದರೆ ‘ಅತ್ತೆಯನ್ನು ಕಳಿಸುತ್ತೇನೆ’. ರೈಲಿನವರ ಮಗಳಾದ ನನಗೆ ಗಂಟೆಯ ಸನ್ನೆ ಹೊಸದಲ್ಲ. ಒಂದೇ ವಾರದಲ್ಲಿ ಕೈ ಪಳಗಿತು. ಮದುವೆಯ ದಿನವಾದರೂ ನನ್ನ ಮುಖ ನೋಡಿರಬೇಕಲ್ಲ ಎಂದರೆ, ಅಂದು ಬಾಸಿಂಗ ಅಡ್ಡವಿತ್ತು. ಅವರ ಪಾಲಿಗೆ ಸೊಸೆಯೆಂದರೆ ಒಂದು ಡಜನ್ ಹಸಿರು ಬಳೆ ಮತ್ತು ಸರಿಯಾದ ಹೊತ್ತಿಗೆ ಬರುವ ಚಹಾ.

ಬಳೆಗೆ ನಿಲುಕದ ಮಾತಿದ್ದರೆ ಅತ್ತೆ ನಡುವೆ ಓಡಾಡಬೇಕು. ಅತ್ತೆ ಒಳ್ಳೆಯವರು, ಆದರೆ ಮಾತನ್ನು ಇದ್ದ ಹಾಗೆಯೇ ಒಯ್ದವರಲ್ಲ. ನಾನು ಉಪ್ಪು ತೀರಿದೆ ಎಂದರೆ ಅವರು ಹೋಗಿ ತಮಗೆ ಎಲೆ-ಅಡಕೆ ಬೇಕಾಗಿದೆ ಎನ್ನುತ್ತಿದ್ದರು. ದಾರಿಯಲ್ಲಿ ನೆನಪಾಯಿತಂತೆ.

ನನಗೆ ಆಗ ಒಂದೇ ಆಸೆ ಇತ್ತು. ಪಿಯುಸಿ ಮುಗಿಸಿದ್ದೆ, ಶಾಲೆಯ ಮಾಸ್ತರಿಣಿಯಾಗಬೇಕು. ಚಿಕ್ಕೋಡಿಯ ಒಂದು ಶಿಕ್ಷಕರ ತರಬೇತಿ ಕೇಂದ್ರಕ್ಕೆ ಅರ್ಜಿ ಹಾಕಿದ್ದೆ. ಫಾರ್ಮು ತಂದುಕೊಟ್ಟವರು ನನ್ನ ಗಂಡನೇ. ಆದರೆ ಕರೆ ಬಂದರೆ ಕಳಿಸುತ್ತೀರಾ ಎಂದು ಕೇಳಿದಾಗ ಅವರು, ‘ಅಪ್ಪಾ ಹೂಂ ಅನಬೇಕಲ್ಲ’ ಎಂದು ಅಂಗಳದ ಎಮ್ಮೆಯನ್ನು ನೋಡುತ್ತ ನಿಂತರು. ಅಪ್ಪನನ್ನು ನೀವೇ ಕೇಳಿ ಎಂದರೆ ಆ ಎಮ್ಮೆಗೆ ನೀರು ಕುಡಿಸಲು ಹೋದರು. ಮಾವನವರು ಹೂಂ ಅನ್ನಬೇಕಾದರೆ ನಾನು ಕೇಳಬೇಕು. ನಾನೋ ಇಲ್ಲದವಳು.

ಇಷ್ಟರಲ್ಲಿ ಮಾವನವರ ಚಸ್ಮಾ ಮುರಿಯಿತು. ಯಾವಾಗಲೂ ಗೂಡಿನಲ್ಲಿಯೇ ಇಡುತ್ತಿದ್ದ ಆ ಶಿಸ್ತಿನ ಮನುಷ್ಯ ಅದೊಂದು ದಿನ ಹೊರಸಿನ ಮೇಲೆ ಇಟ್ಟರು, ಮತ್ತು ಸರಿಯಾಗಿ ಒಂದೂಕಾಲಿಗೆ ಅದರ ಮೇಲೆ ಕೂತರು. ಗಂಡ ಅದನ್ನು ಚಿಕ್ಕೋಡಿ ಪೇಟೆಯ ಅಂಗಡಿಗೆ ಕೊಟ್ಟುಬಂದರು. ಅವರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ, ಹಂಗಾಮಿನಲ್ಲಿ ರಜೆ ಇಲ್ಲ. ಚಸ್ಮಾ ಅಲ್ಲಿಯೇ ಉಳಿಯಿತು. ಪೇಪರು ದಿನಾ ಬಸ್ಸಿಗೆ ಬರುತ್ತಿತ್ತು, ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು. ನಾಲ್ಕನೆಯ ದಿನ ಮಾವನವರು ಕಂಬಕ್ಕೆ, ಪೇಪರು ಓದದೆ ಊಟ ಅರಗುತ್ತಿಲ್ಲವೆಂದು ಹೇಳಿದರು.

ಅತ್ತೆಗೆ ಅಕ್ಷರ ಬಾರದು. ಆದರೆ ಗಂಡನಿಗೆ ಊಟ ಅರಗದಿದ್ದರೆ ಇಡೀ ಮಧ್ಯಾಹ್ನ ಆ ಗೊಣಗಾಟವನ್ನು ಅವರೇ ಕೇಳಬೇಕಾಗುತ್ತಿತ್ತು. ಪೇಪರನ್ನು ತಂದು ಬಾಗಿಲ ಸಂದಿಯಿಂದ ನನ್ನ ಕೈಗೆ ತುರುಕಿ, ಓದು ಎಂದರು. ಮಾವನವರ ಕಿವಿಗೆ ನನ್ನ ದನಿ ಬೀಳಬಹುದೇ ಎಂದು ನಾನು ಪಿಸುಗುಟ್ಟಿದೆ. ಅತ್ತೆ ಒಂದು ನಿಮಿಷ ಯೋಚಿಸಿ ತೀರ್ಪು ಕೊಟ್ಟರು.

‘ಓದೂದು ಅಂದ್ರ ಮಾತಲ್ಲ ಬೇ. ಅಕ್ಷರ ಪೇಪರಿನವರ್ದು. ಬಾಯಿ ಅಷ್ಟ ನಿಂದು.’

ಈ ತೀರ್ಪಿನ ಆಧಾರದ ಮೇಲೆ ನಾನು ಬಾಗಿಲ ಹಿಂದೆ ಕೂತು ಓದತೊಡಗಿದೆ. ಒಂದೂಕಾಲಿನಿಂದ ಎರಡರವರೆಗೆ. ಮಾವನವರು ಕಣ್ಣು ಮುಚ್ಚಿ ಹೊರಸಿನ ಮೇಲೆ ನೇರವಾಗಿ ಕೂರುತ್ತಿದ್ದರು. ದನಿ ಕಂಬದಿಂದಲೇ ಬಂದ ಹಾಗೆ ಕೇಳುತ್ತಿತ್ತೆಂದು ಅತ್ತೆ ಹೇಳುತ್ತಿದ್ದರು.

ಒಂದು ದಿನ ಬಸ್ಸು ಕೆಟ್ಟು ಪೇಪರು ಬರಲಿಲ್ಲ. ಒಂದೂಕಾಲಾಯಿತು, ಮಾವನವರು ಬಂದು ಕೂತರು. ವೇಳೆಗೆ ಸರಿಯಾಗಿ ಬಂದ ಮನುಷ್ಯನನ್ನು ಸುಮ್ಮನೆ ಕೂರಿಸುವುದು ನನಗೆ ಆಗದ ಕೆಲಸ. ನನ್ನ ಟ್ರಂಕಿನಲ್ಲಿ ಒಂದು ಪುಸ್ತಕವಿತ್ತು. ರಾಯಬಾಗದ ನಿಲ್ದಾಣದಲ್ಲಿ ಯಾರೋ ಪ್ರಯಾಣಿಕರು ಬಿಟ್ಟುಹೋದದ್ದು. ಬಂದು ಕೇಳಬಹುದೆಂದು ಒಂದು ವರ್ಷ ಕಾದು ತಂದೆ ನನಗೆ ಕೊಟ್ಟಿದ್ದರು. ಮುಂದಿನ ರಟ್ಟಿಲ್ಲ, ಹಿಂದಿನ ಹಾಳೆಗಳಿಲ್ಲ. ಪರದೇಶದ ಒಬ್ಬ ಹಡಗಿನ ವೈದ್ಯನ ಕಥೆ. ಅವನು ಒಂದು ಎಣ್ಣೆ ಕಂಡುಹಿಡಿಯುತ್ತಾನೆ. ಅದನ್ನು ಹಚ್ಚಿಕೊಂಡ ಕಡೆಯಲ್ಲೆಲ್ಲ ಮೈ ಮಾಯವಾಗುತ್ತದೆ. ತಲೆಯಿಂದ ಕಾಲಿನವರೆಗೆ ಹಚ್ಚಿಕೊಂಡು ಊರೊಳಗೆ ಹೊರಡುತ್ತಾನೆ. ಆದರೆ ಬೆನ್ನಿನ ನಡುವೆ ಕೈ ನಿಲುಕದ ಅಂಗೈಯಗಲ ಜಾಗ ಉಳಿದುಬಿಟ್ಟಿದೆ. ಊರ ಜನಕ್ಕೆ ಆ ಅಂಗೈಯಗಲ ಬೆನ್ನು ಮಾತ್ರ ಗಾಳಿಯಲ್ಲಿ ಬೀದಿ ದಾಟುವುದು ಕಾಣಿಸುತ್ತದೆ.

ಅಲ್ಲಿಗೆ ಎರಡು ಗಂಟೆಯಾಯಿತು, ನಿಲ್ಲಿಸಿದೆ. ಆಮೇಲೆ ಮಾವನವರು ಕಂಬವನ್ನು ಕೇಳಿದರು:

‘ಆ ಡಾಕ್ಟರಗ ಲಗ್ನ ಆಗಿರಲಿಲ್ಲೇನು?’

ಪುಸ್ತಕದಲ್ಲಿ ಆ ಮಾಹಿತಿ ಇರಲಿಲ್ಲ, ಆದರೂ ನಾನು ಎರಡು ಸಲ ಬಳೆ ಬಾರಿಸಿದೆ.

‘ಅದಕ್ಕ ಬೆನ್ನು ಉಳೀತು’ ಎಂದು ಅವರು ಎದ್ದು ಹೋದರು.

ಮರುದಿನ ಪೇಪರು ಬಂದಿತ್ತು. ಮಾವನವರು ಕಂಬಕ್ಕೆ, ಪೇಪರಿನ ಸುದ್ದಿ ನಾಳೆಯೂ ಇರುತ್ತದೆ, ಅಂವಾ ಬೀದಿಯಲ್ಲಿ ನಿಂತಾನ ಎಂದರು. ಅಂದಿನಿಂದ ಪುಸ್ತಕವೇ ಓದು. ಆದರೆ ಹವಾಲ್ದಾರರು ಯಾವ ವರದಿಯನ್ನೂ ಪ್ರಶ್ನೆ ಕೇಳದೆ ಒಪ್ಪಿದವರಲ್ಲ. ಮಾಯವಾದವನು ರೊಟ್ಟಿ ತಿಂದರೆ ಹೊಟ್ಟೆಯೊಳಗಿನ ರೊಟ್ಟಿ ಕಾಣುತ್ತದೋ ಇಲ್ಲವೋ ಎಂದು ಕೇಳಿದರು. ಇದಕ್ಕೆ ಬಳೆ ಸಾಲದು. ಅತ್ತೆಯ ಕೈಲಿ ಕಳಿಸಿದರೆ ಉತ್ತರ ಎಲೆ-ಅಡಕೆಯಾಗಿ ತಲುಪುತ್ತದೆ. ನಾನು ತುಸು ಯೋಚಿಸಿ, ಪುಸ್ತಕದಲ್ಲಿ ಬರೆದಿದೆಯೇನೋ ಎಂಬ ಹಾಗೆ, ಅದೇ ಓದುವ ದನಿಯಲ್ಲಿ ಹೇಳಿದೆ: ‘ಆಗ ವೈದ್ಯನು ತನ್ನೊಳಗೇ ಅಂದುಕೊಂಡನು, ಉಂಡ ಅನ್ನವು ಅರಗುವವರೆಗೂ ಗಾಳಿಯಲ್ಲಿ ತೇಲುವ ಮುದ್ದೆಯಂತೆ ಕಾಣುವುದು. ಆದಕಾರಣ ಊಟವಾದ ಮೇಲೆ ಒಂದು ತಾಸು ಮನೆ ಬಿಟ್ಟು ಹೋಗಬಾರದು.’

‘ಬರೋಬರಿ’ ಎಂದರು ಮಾವನವರು. ಅವರ ದಿನಚರಿಯೂ ಅದೇ ಆಗಿತ್ತು.

ಹೀಗೆ ಒಂದು ಪದ್ಧತಿ ಹುಟ್ಟಿತು. ಅವರು ಕಂಬವನ್ನು ಕೇಳುವುದು, ನಾನು ಇಲ್ಲದ ಸಾಲನ್ನು ಓದುವುದು. ಹೊಳೆದಂಡೆಯ ಎರೆಮಣ್ಣಿನಲ್ಲಿ ನಡೆದರೆ ಏನಾಗುತ್ತದೆ? ಮೊಣಕಾಲಿನವರೆಗೆ ಮಣ್ಣು ಮೆತ್ತಿಕೊಂಡು ಎರಡು ಮಣ್ಣಿನ ಬೂಟುಗಳು ತಾವೇ ನಡೆದು ಹೋಗುತ್ತವೆ. ಬರಿಮೈಯಲ್ಲಿ ಕಬ್ಬಿನ ಹೊಲ ಹೊಕ್ಕರೆ? ರವದಿಯ ಒಣಗರಿ ಗೀರಿದಲ್ಲೆಲ್ಲ ರಕ್ತ ಬಂದು, ಗಾಳಿಯಲ್ಲಿ ಕೆಂಪು ಗೆರೆಗಳು ಓಡಾಡುತ್ತವೆ. ಬಸ್ಸು ಹತ್ತಿದರೆ ಟಿಕೀಟು ಕೇಳುವವರಿಲ್ಲ ನಿಜ, ಆದರೆ ಸೀಟು ಖಾಲಿ ಇದೆಯೆಂದು ಬಂದವರೆಲ್ಲ ತೊಡೆಯ ಮೇಲೆ ಕೂರುತ್ತಾರೆ. ಎಲೆ-ಅಡಕೆ ತಿಂದು ಉಗುಳಿದರೆ ಏನಾಗುತ್ತದೆಂದು ಕೇಳಿದ್ದು ಅತ್ತೆ. ಅವರೂ ಆಗಲೇ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದರು.

ಒಂದು ದಿನ ನಾನೇ ಒಂದು ತೊಡಕನ್ನು ತಂದೆ. ಪಿಯುಸಿಯಲ್ಲಿ ಓದಿದ್ದು ನೆನಪಿತ್ತು: ಕಣ್ಣಿನೊಳಗೆ ಬಂದ ಬೆಳಕು ಹಿಂದಿನ ಪರದೆಯ ಮೇಲೆ ನಿಂತರೆ ಮಾತ್ರ ನಮಗೆ ಕಾಣುವುದು. ಇಡೀ ಕಣ್ಣೇ ಗಾಜಿನಂತಾದರೆ ಬೆಳಕು ಆರಪಾರ ಹೋಗಿಬಿಡುತ್ತದೆ. ಅಂದರೆ ಮಾಯವಾದ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ. ಇನ್ನು ಕಣ್ಣು ಉಳಿಸಿಕೊಂಡು ರೆಪ್ಪೆಯನ್ನಷ್ಟೇ ಮಾಯ ಮಾಡಿಕೊಂಡರೆ, ರೆಪ್ಪೆ ಮುಚ್ಚಿದರೂ ಬೆಳಕು ಒಳಗೆ ಬರುತ್ತದೆ. ಹಗಲು ನಿದ್ದೆ ಅಸಾಧ್ಯ.

ಮಾವನವರಿಗೆ ಮೊದಲನೆಯ ವಿಷಯ ಅಷ್ಟು ಹತ್ತಲಿಲ್ಲ; ಚಸ್ಮಾ ಇಲ್ಲದೆ ತಮ್ಮ ಕಥೆಯೂ ಹಾಗೇ ಇದೆ ಎಂದರು. ಎರಡನೆಯದಕ್ಕೆ ಮಾತ್ರ ಬಹಳ ನೊಂದುಕೊಂಡರು. ಮಧ್ಯಾಹ್ನ ಮಲಗಲಾಗದಿದ್ದರೆ ಅಂಥ ಎಣ್ಣೆ ತಗೊಂಡು ಏನು ಮಾಡುವುದು ಎಂದು ಎರಡು ದಿನ ಕಂಬದೊಂದಿಗೆ ವಾದಿಸಿದರು.

ಆ ವಾದ ನಡೆದಾಗ ಓಣಿಯಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಒಬ್ಬ ಮುದುಕ ನಿಂತು ಕೇಳಿದ. ಹವಾಲ್ದಾರ ಕಾಕಾ ಕಂಬಕ್ಕೆ ಬೈಯುತ್ತಿದ್ದಾರೆ, ಕಂಬ ಹೆಣ್ಣಿನ ದನಿಯಲ್ಲಿ ಪುಸ್ತಕದ ಭಾಷೆ ಮಾತಾಡುತ್ತಿದೆ. ಸಂಜೆಯೊಳಗೆ ಇದು ಊರಿಗೆಲ್ಲ ಗೊತ್ತಾಯಿತು. ಸೊಸೆ ಓದುತ್ತಾಳೆ ಎಂದು ಯಾರಿಗೂ ಹೊಳೆಯಲಿಲ್ಲ. ಸೊಸೆಗೆ ಮಾವನ ಎದುರು ದನಿ ಇರುವುದಿಲ್ಲ, ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಂಬಕ್ಕಾದರೆ ಅಂಥ ಕಟ್ಟಳೆ ಏನೂ ಇರಲಿಲ್ಲ.

ಮೊದಲು ಒಬ್ಬ ಹೆಂಗಸು ಬಂದು ಕಂಬಕ್ಕೆ ಅರಿಷಿಣ-ಕುಂಕುಮ ಹಚ್ಚಿ ಕಾಯಿ ಒಡೆದು, ತನ್ನ ಆಡು ಕಳೆದಿದೆ, ಎಲ್ಲಿದೆ ಹೇಳು ಎಂದಳು. ಆ ಆಡು ಮುಂಜಾನೆಯಿಂದ ನಮ್ಮ ಹಿತ್ತಲಲ್ಲಿ ನಾನು ಒಣಹಾಕಿದ್ದ ಕುಬುಸದ ತೋಳು ತಿನ್ನುತ್ತಿತ್ತು. ನಾನು ಬಾಗಿಲ ಹಿಂದಿನಿಂದ, ಆದಷ್ಟು ದಪ್ಪ ದನಿಯಲ್ಲಿ, ‘ಹಿತ್ತಲದಾಗ ಐತಿ, ಲಗೂ ಒಯ್ಯಿ’ ಎಂದೆ. ಆಡು ಸಿಕ್ಕಿತು. ಮರುವಾರ ಐನಾಪುರದಿಂದಲೂ ಒಂದು ಮನೆಯವರು ಬಂದರು.

ಕಥೆಗಳಲ್ಲಿ ಕಾಣದವನಿಗೆ ಬೇಗನೇ ತಲೆ ತಿರುಗುತ್ತದೆ, ಊರನ್ನೇ ಆಳುತ್ತೇನೆ ಎನ್ನುತ್ತಾನೆ. ನನಗೂ ಸ್ವಲ್ಪ ತಿರುಗಿತು ಎಂದು ಒಪ್ಪಿಕೊಳ್ಳಬೇಕು. ಓಣಿಯವರು ನಮ್ಮ ಕಟ್ಟೆಯ ಮೇಲೆ ಕಸ ಚೆಲ್ಲಬಾರದೆಂದು ಕಂಬದ ಮೂಲಕ ಅಪ್ಪಣೆ ಮಾಡಿದೆ, ಯಾರೂ ಚೆಲ್ಲಲಿಲ್ಲ. ನೀರಿನ ಪಾಳಿಗೆ ಜಗಳಾಡುತ್ತಿದ್ದ ಇಬ್ಬರಿಗೆ ವೇಳೆ ಹಂಚಿಕೊಟ್ಟೆ, ಪಾಲಿಸಿದರು. ಆದರೆ ಕಾಯಿ ಬೀಳುತ್ತಿದ್ದದ್ದು ಕಂಬದ ಬುಡಕ್ಕೆ. ಓದುತ್ತಿದ್ದವಳು ನಾನು, ಕುಂಕುಮ ಕಂಬಕ್ಕೆ. ಅತ್ತೆ ಕಾಯಿಗಳನ್ನೆಲ್ಲ ಒಳಗೆ ತಂದು ಚಟ್ನಿ ಅರೆಯುತ್ತಿದ್ದರು. ಅಷ್ಟರಲ್ಲಿ ಚಸ್ಮಾ ಮುರಿದು ಆರು ವಾರವಾಗುತ್ತ ಬಂದಿತ್ತು.

ಆಗ ಚಿಕ್ಕೋಡಿಯಿಂದ ಪತ್ರ ಬಂತು. ಸೋಮವಾರ ಹನ್ನೊಂದು ಗಂಟೆಗೆ ಸಂದರ್ಶನ. ಗಂಡ ಅಥವಾ ಪಾಲಕರೊಂದಿಗೆ ಹಾಜರಾಗತಕ್ಕದ್ದು. ಬಾರದಿದ್ದರೆ ಸೀಟು ಮುಂದಿನವರಿಗೆ.

ಗಂಡನಿಗೆ ರಜೆ ಸಿಗಲಿಲ್ಲ. ಅತ್ತೆಯ ಕೈಲಿ ಮಾವನವರಿಗೆ ಹೇಳಿಕಳಿಸಿದೆ. ಅತ್ತೆ ಹೋಗಿ ಬಹಳ ಹೊತ್ತು ಮಾತಾಡಿ ಬಂದರು. ಏನಂದರು ಎಂದು ಕೇಳಿದರೆ, ಎಮ್ಮೆ ಹಾಲು ಕಡಿಮೆ ಕೊಡುತ್ತಿರುವುದು ಅವರಿಗೂ ಗೊತ್ತಂತೆ ಎಂದರು.

ಅಂದು ಶುಕ್ರವಾರ. ಒಂದೂಕಾಲಿಗೆ ಮಾವನವರು ಹೊರಸಿನ ಮೇಲೆ ಕೂತು, ನಿನ್ನೆ ವೈದ್ಯ ಬ್ರೆಡ್ಡಿನ ಅಂಗಡಿಯಲ್ಲಿ ಸಿಕ್ಕಿಬಿದ್ದಿದ್ದ ಎಂದು ಕಂಬಕ್ಕೆ ನೆನಪಿಸಿದರು. ನಾನು ಪುಸ್ತಕ ತೆರೆದೆ. ಅದರೊಳಗೆ ಪತ್ರ ಇಟ್ಟುಕೊಂಡಿದ್ದೆ. ವೈದ್ಯನನ್ನು ಅಂಗಡಿಯಲ್ಲಿಯೇ ಬಿಟ್ಟು, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ, ಮೇಲಿದ್ದ ಕಚೇರಿಯ ಜಾವಕ ಸಂಖ್ಯೆ ಕೂಡ ಬಿಡದೆ ಓದಿದೆ. ನನ್ನ ಹೆಸರು ಬಂದಲ್ಲಿ ದನಿ ಸ್ವಲ್ಪ ಸಣ್ಣದಾಯಿತು. ಆ ಮನೆಯಲ್ಲಿ ಅದನ್ನು ಗಟ್ಟಿಯಾಗಿ ಯಾರೂ ಅಂದಿರಲಿಲ್ಲ.

ಹೊರಗೆ ಹೊರಸು ಕಿರುಗುಟ್ಟಿತು. ಮಾವನವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

‘ಸೋಮವಾರ ಆರೂವರಿ ಬಸ್ಸು. ಐದು ನಿಮಿಷ ಮೊದಲ ಸ್ಟ್ಯಾಂಡಿನ್ಯಾಗ ಇರಬೇಕು’ ಎಂದು ಕಂಬಕ್ಕೆ ಹೇಳಿದರು. ಆಮೇಲೆ, ‘ಈಗ ಆ ಬ್ರೆಡ್ಡಿಂದು ಓದು.’

ಸೋಮವಾರ ನಾವು ಹತ್ತು ನಿಮಿಷ ಮೊದಲೇ ಇದ್ದೆವು. ರಿವಾಜಿನಂತೆ ಮಾವನವರು ಹತ್ತು ಹೆಜ್ಜೆ ಮುಂದೆ, ಸೆರಗು ಎದೆಯವರೆಗೆ ಇಳಿಸಿಕೊಂಡು ನಾನು ಹಿಂದೆ. ಬಸ್ಸಿನಲ್ಲಿ ಅವರು ಮುಂದಿನ ಬಾಗಿಲ ಹತ್ತಿರ, ನಾನು ಹಿಂದೆ. ಚಿಕ್ಕೋಡಿಯಲ್ಲಿ ಇಳಿದಾಗ ಸ್ಟ್ಯಾಂಡು ತುಂಬಿತ್ತು. ಮಾವನವರು ತಿರುಗಿ ನೋಡುವಂತಿಲ್ಲ. ನೋಡಿದರೂ ಚಸ್ಮಾ ಇಲ್ಲ. ಅವರು ಮುಂದೆ ನಡೆದರು. ನಾನು ಒಂದು ಟೆಂಪೋ ಹೋಗಲೆಂದು ನಿಂತೆ. ನಡುವೆ ನನ್ನದೇ ಬಣ್ಣದ ಹಸಿರು ಇಳಕಲ್ ಸೀರೆ ಉಟ್ಟ ಒಬ್ಬ ಹೆಂಗಸು ಸೇರಿಕೊಂಡಳು. ಅವಳು ಸಂತೆಗೆ ಹೊರಟವಳು. ಮಾವನವರು ಅವಳಿಗೆ ಹತ್ತು ಹೆಜ್ಜೆ ಮುಂದೆ ನಡೆಯುತ್ತ, ಎದುರಿನ ಗಾಳಿಗೆ, ಹೆದರಬಾರದೆಂದೂ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕೆಂದೂ ಉಪದೇಶ ಮಾಡತೊಡಗಿದರು. ತರಕಾರಿ ಸಾಲಿನವರೆಗೂ ಅವಳು ಕೇಳಿಸಿಕೊಂಡಳು. ಆಮೇಲೆ ಸೊಂಟದ ಮೇಲೆ ಕೈ ಇಟ್ಟು ನಿಂತು ಕೇಳಿದಳು:

‘ಯಪ್ಪಾ, ನಾ ಬದನಿಕಾಯಿ ತಗೊಳ್ಳಾಕ ಬಂದೀನಿ. ಯಾರಿಗೆ ಹೆದರಬ್ಯಾಡ ಅನ್ನಾಕತ್ತಿ?’

ನಾನು ಓಡಿಬಂದು ಒಮ್ಮೆ ಬಳೆ ಬಾರಿಸಿದೆ. ಮಾವನವರು ಕೆಮ್ಮಿ, ದಿಕ್ಕು ಬದಲಿಸಿ ನಡೆದರು. ಆದರೆ ಆ ಘಟನೆ ಅವರ ಮನಸ್ಸಿನಲ್ಲಿ ಉಳಿಯಿತು. ಅದೇ ಮುಂದೆ ತೊಂದರೆಗೆ ಬಂತು.

ಸಂದರ್ಶನ ಸಲೀಸಾಗಿ ಆಯಿತು. ಗಣಿತ ಕೇಳಿದರು, ಒಂದು ಪದ್ಯ ಓದಿಸಿದರು, ಅಲ್ಲಿನ ಮುಖ್ಯಸ್ಥೆಯಾಗಿದ್ದ ಬಾಯಿಯವರು ತಲೆಯಾಡಿಸಿದರು. ಉಳಿದದ್ದು ಒಂದು ಫಾರ್ಮು. ಕ್ಲಾರ್ಕು ಅದನ್ನು ಮಾವನವರ ಮುಂದಿಟ್ಟು, ಒಂದು ಗಂಟೆಗೆ ಕಿಟಕಿ ಮುಚ್ಚುತ್ತದೆ, ಸಹಿ ಮಾಡಿ ಎಂದ. ಸಹಿ ಮಾಡುವ ಮುಂಚೆ ಓದಿ ಹೇಳಬೇಕೆಂದು ಮಾವನವರು ಕೇಳಿದರು. ಅವನು ಓದಿದ: ‘ಮೇಲ್ಕಂಡ ಅಭ್ಯರ್ಥಿಯನ್ನು ನಾನು ಮುಖ ನೋಡಿ ಗುರುತಿಸಿರುತ್ತೇನೆ.’

ಮಾವನವರು ಪೆನ್ನು ಕೆಳಗಿಟ್ಟರು.

‘ನಾ ಮುಖ ನೋಡಿಲ್ರಿ.’

‘ಎಲ್ಲಾರೂ ಹೊಡೀತಾರ ಕಾಕಾ. ಸಹಿ ಹೊಡೀರಿ.’

‘ಎಲ್ಲಾರೂ ನೋಡಿರಬೇಕು. ಸುಳ್ಳಿಗೆ ನಾ ಸಹಿ ಮಾಡೂದಿಲ್ಲ.’

‘ಅಲ್ರಿ, ಇಕಿ ನಿಮ್ಮ ಸೊಸಿ ಹೌದೋ ಅಲ್ಲೋ?’

‘ಮುಂಜಾನಿ ಮನಿಯಿಂದ ಸೊಸಿ ಹೊಂಟಿದ್ದು ಖರೆ. ಸ್ಟ್ಯಾಂಡಿನ್ಯಾಗ ಒಮ್ಮಿ ಬದಲಾಗಿತ್ತು. ಮತ್ತೊಮ್ಮಿ ಬದಲಾಗಿಲ್ಲ ಅಂತ ನಾ ಹೆಂಗ ಬರದುಕೊಡ್ಲಿ?’

ಗಡಿಯಾರದಲ್ಲಿ ಹನ್ನೆರಡೂ ಹತ್ತು. ಕ್ಲಾರ್ಕು ಅರ್ಜಿಯ ಮೇಲಿನ ಫೋಟೋ ತೋರಿಸಿದ. ಚಸ್ಮಾ ಇಲ್ಲದ ಮಾವನವರಿಗೆ ಅದು ಅಂಚೆ ಚೀಟಿಯ ಹಾಗೆ ಕಂಡಿತು. ಹಾಗೆಂದು ಹೇಳಿಯೂ ಬಿಟ್ಟರು. ಬಾಯಿಯವರು ಎದ್ದು ಬಂದರು. ಮಾವನವರು ಅವರಿಗೆ ನಮಸ್ಕಾರ ಮಾಡಿ, ತಮ್ಮದೊಂದು ವಿಧಾನವಿದೆ, ಅಭ್ಯರ್ಥಿಗೆ ಬಳೆ ಬಾರಿಸಲು ಹೇಳಬೇಕು ಎಂದು ವಿನಂತಿಸಿದರು. ನಾನು ಒಮ್ಮೆ ಬಾರಿಸಿದೆ. ‘ಇಕೀನ’ ಎಂದರು ಮಾವನವರು, ಒಂದಿಷ್ಟೂ ಅನುಮಾನವಿಲ್ಲದೆ. ಫಾರ್ಮಿನಲ್ಲಿ ಬಳೆಗೆ ಅವಕಾಶವಿಲ್ಲ, ಮುಖವನ್ನೇ ನೋಡಬೇಕು ಎಂದ ಕ್ಲಾರ್ಕು. ಹಾಗಾದರೆ ಏನನ್ನಾದರೂ ಓದಿಸಿ, ದನಿ ತಪ್ಪಲು ಸಾಧ್ಯವಿಲ್ಲ ಎಂದರು ಮಾವನವರು.

ಬಾಯಿಯವರು ಗೋಡೆಯ ಮೇಲಿದ್ದ ನಿಯಮಗಳ ಹಲಗೆ ತೋರಿಸಿ, ಓದು ಎಂದರು. ನಾನು ಸೆರಗಿನೊಳಗಿನಿಂದ ಓದಿದೆ. ತರಬೇತಿಗೆ ಸರಿಯಾದ ವೇಳೆಗೆ ಬರತಕ್ಕದ್ದು. ಕೋಣೆಗಳನ್ನು ಸ್ವಚ್ಛವಾಗಿಡತಕ್ಕದ್ದು. ಮಾವನವರು ಕಣ್ಣು ಮುಚ್ಚಿ, ಹೊರಸಿನ ಮೇಲಿದ್ದ ಹಾಗೆಯೇ ನೇರವಾಗಿ ಕೂತು ಕೇಳುತ್ತಿದ್ದರು. ಮೂರನೆಯ ನಿಯಮ, ನಾಲ್ಕನೆಯ ನಿಯಮ. ಹಲಗೆಯಲ್ಲಿದ್ದದ್ದು ಅಷ್ಟೇ. ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತೆರಡು. ನಾನು ದನಿ ಬದಲಿಸದೆ ಮುಂದುವರಿಸಿದೆ:

‘ನಿಯಮ ಐದು. ಪಾಲಕರ ಚಸ್ಮಾ ಇದೇ ಊರಿನ ಪೇಟೆಯಲ್ಲಿ ಆರು ವಾರದಿಂದ ರಿಪೇರಿಗೆ ಬಿದ್ದಿದ್ದು, ಪಾಲಕರು ಈಗಲೇ ಹೋಗಿ ತರತಕ್ಕದ್ದು. ತಂದು ಮುಖ ನೋಡತಕ್ಕದ್ದು.’

ಕ್ಲಾರ್ಕು ಹಲಗೆಯ ಕಡೆ ತಿರುಗಿ ಐದನೆಯ ನಿಯಮ ಹುಡುಕತೊಡಗಿದ. ಬಾಯಿಯವರು ಕರ್ಚೀಪು ಬಾಯಿಗೆ ಹಿಡಿದುಕೊಂಡರು. ಮಾವನವರು ಕಣ್ಣು ತೆರೆದರು.

‘ನಿಯಮ ಅಂದ್ರ ನಿಯಮ’ ಎಂದು ಹೇಳಿ, ಟೋಪಿ ಸರಿಮಾಡಿಕೊಂಡು ಹೊರಟೇಹೋದರು.

ಆ ಹೊತ್ತು ನಾನು ಏನೂ ಮಾಡಲಿಲ್ಲ, ಗಡಿಯಾರ ನೋಡುತ್ತ ಕೂತೆ. ಅಂಗಡಿ ಮುಚ್ಚಿದ್ದರೆ? ಚಸ್ಮಾ ಆಗಿರದಿದ್ದರೆ? ಅಥವಾ ಮಾವನವರು ದಾರಿಯಲ್ಲಿ ಇನ್ನೊಬ್ಬ ಹಸಿರು ಸೀರೆಯವಳನ್ನು ಕರೆದುಕೊಂಡು ಬಂದರೆ? ನನ್ನ ಸರದಿಯ ಹಿಂದಿದ್ದ ಹುಡುಗಿಯ ತಂದೆ, ಈ ಸೀಟು ಖಾಲಿಯಾಗುತ್ತದೇನ್ರಿ ಎಂದು ಎರಡು ಸಲ ಕೇಳಿದರು. ಕ್ಲಾರ್ಕು ಕಿಟಕಿಯ ಒಂದು ಬಾಗಿಲು ಮುಚ್ಚಿದ.

ಹನ್ನೆರಡೂ ಐವತ್ತೊಂದಕ್ಕೆ ಹೊರಗೆ ಮೂರು ಕೆಮ್ಮು ಕೇಳಿಸಿತು.

ಎರಡು ವರ್ಷ ಹತ್ತು ತಿಂಗಳ ಅಭ್ಯಾಸ. ಮೂರನೆಯ ಕೆಮ್ಮಿಗೆ ನಾನು ತಟ್ಟನೆ ಎದ್ದು, ಅಲ್ಲಿದ್ದ ಕಪಾಟಿನ ಹಿಂದೆ ಹೋಗಿ ನಿಂತಿದ್ದೆ. ಮಾವನವರು ಚಸ್ಮಾ ಹಾಕಿಕೊಂಡು ಒಳಗೆ ಬಂದು ಖಾಲಿ ಕುರ್ಚಿಯನ್ನು ಬಹಳ ಹೊತ್ತು ಪರೀಕ್ಷಿಸಿದರು.

‘ಯಾರೂ ಕಾಣವಲ್ರಲ್ಲ’ ಎಂದರು ಗಾಬರಿಯಿಂದ. ಅಂಗಡಿಯವನು ಗಾಜು ತಪ್ಪು ಕೂರಿಸಿರಬೇಕೆಂದು ಅವರಿಗೆ ಅನುಮಾನ ಬಂದಿತಂತೆ. ಇಲ್ಲವೆ ಇದು ಆ ವೈದ್ಯನ ಎಣ್ಣೆಯ ಕೆಲಸ.

ಬಾಯಿಯವರು ನನ್ನ ಕೈ ಹಿಡಿದು ಕಪಾಟಿನ ಹಿಂದಿನಿಂದ ತಂದು ನಿಲ್ಲಿಸಿದರು. ನಾನು ಸೆರಗನ್ನು ತಲೆಯವರೆಗೆ ಸರಿಸಿದೆ. ಮಾವನವರು ಚಸ್ಮಾವನ್ನು ಮೂಗಿನ ಮೇಲೆ ಏರಿಸಿ, ಕವಾಯತಿನಲ್ಲಿ ಸಾಲು ತಪಾಸಣೆ ಮಾಡುವವರ ಹಾಗೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು.

‘ಗಿಡ್ಡ ಅದಾಳ’ ಎಂದರು ಬಾಯಿಯವರಿಗೆ. ‘ದನಿ ಕೇಳಿ ನಾ ಎತ್ತರ ಇರಬೇಕು ಅಂದ್ಕೊಂಡಿದ್ದೆ.’

ಆಮೇಲೆ ಸುತ್ತಲೂ ಒಂದು ಕಂಬಕ್ಕಾಗಿ ನೋಡಿದರು. ಆ ಕೋಣೆಯಲ್ಲಿ ಕಂಬವಿರಲಿಲ್ಲ. ಬೇರೆ ದಾರಿಯಿಲ್ಲದೆ ನನ್ನನ್ನೇ ಕೇಳಿದರು:

‘ಇಷ್ಟ ದಿನ ಓದಾಕಿ ನೀನ ಏನವಾ?’

ನನ್ನ ಕೈ ತಾನಾಗಿ ಒಮ್ಮೆ ಬಳೆ ಬಾರಿಸಿತು. ಅದು ಸಾಲದು ಅನಿಸಿತು.

‘ಹೌದ್ರಿ’ ಎಂದೆ.

ಮಾವನವರು ಫಾರ್ಮನ್ನು ತಾವೇ ಪೂರ್ತಿ ಓದಿ, ಸಹಿ ಮಾಡಿ, ಕೆಳಗೆ ವೇಳೆಯನ್ನೂ ಬರೆದರು. ಹನ್ನೆರಡೂ ಐವತ್ತಾರು. ಕ್ಲಾರ್ಕು ಕಿಟಕಿಯ ಇನ್ನೊಂದು ಬಾಗಿಲು ಮುಚ್ಚಿದ.

ಬಸ್ಸಿನಲ್ಲಿ ಮರಳುವಾಗ ಜಾಗ ಕಡಿಮೆ ಇತ್ತು. ಇಬ್ಬರೂ ಒಂದೇ ಕಡೆ ನಿಲ್ಲಬೇಕಾಯಿತು. ಮಾವನವರು ಬಸ್ಸಿನ ನಡುವಿನ ಕಬ್ಬಿಣದ ಕಂಬ ಹಿಡಿದುಕೊಂಡು, ರೂಢಿಯಂತೆ ಅದನ್ನೇ ನೋಡುತ್ತ, ಆ ಡಾಕ್ಟರನ ಕಥೆ ಕೊನೆಗೆ ಏನಾಯಿತು ಎಂದು ಕೇಳಿದರು. ನಾನು ಬಾಯಿ ಬಿಟ್ಟು, ಪುಸ್ತಕದ ಕೊನೆಯ ಹಾಳೆಗಳಿಲ್ಲ ಎಂದೆ. ಅವರಿಗೆ ನಾನು ಪೂರ್ತಿಯಾಗಿ ಹೇಳಿದ ಮೊದಲ ಸ್ವಂತ ಮಾತು ಅದು.

‘ಬರೆದದ್ದೂ ಓದಿದಿ, ಬರೀಲಾರದ್ದೂ ಓದಿದಿ’ ಎಂದರು ಕಂಬಕ್ಕೆ. ‘ನಾಳಿ ಒಂದೂಕಾಲಕ್ಕ ಅದನ್ನೂ ಓದು.’

ಅಂದರೆ ಅವರಿಗೆ ಎಲ್ಲ ಗೊತ್ತಿತ್ತು.

ಮರುದಿನ ಒಂದೂಕಾಲಿಗೆ ಮಾವನವರು ಚಸ್ಮಾವನ್ನು ಗೂಡಿನಲ್ಲಿಟ್ಟು ಬಂದು ಹೊರಸಿನ ಮೇಲೆ ಕೂತರು. ನಾನು ಪುಸ್ತಕ ತೆಗೆದುಕೊಂಡು ಬಾಗಿಲು ದಾಟಿ ಪಡಸಾಲೆಗೆ ಬಂದು ಕೂತೆ. ನಡುವೆ ಕಂಬ ಅಡ್ಡ ಬರುತ್ತಿತ್ತು. ಅವರು ಒಂದು ಗೇಣು ಆಚೆ ಸರಿದರು, ನಾನು ಒಂದು ಗೇಣು ಈಚೆ. ವೈದ್ಯನಿಗೆ ಬಂದರಿನ ಊರಿನಲ್ಲಿ ಮದುವೆ ಮಾಡಿಸಿದೆ. ಹೆಂಡತಿ ಬೆನ್ನಿಗೆ ಎಣ್ಣೆ ಹಚ್ಚಲು ಒಪ್ಪಲಿಲ್ಲ, ಉಳಿದ ಮೈಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು. ಮಾವನವರು ಬರೋಬರಿ ಎಂದರು.

ತರಬೇತಿ ಮುಗಿದು, ತೊಂಬತ್ತರ ದಶಕದಲ್ಲಿ ಕಾಗವಾಡದ ಕಡೆ ಶಾಲೆಗಳಲ್ಲಿ ಕಲಿಸುವಾಗ ಈ ವೈದ್ಯನ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಮಕ್ಕಳು ರೊಟ್ಟಿಯ ಪ್ರಶ್ನೆಯನ್ನೇ ಮೊದಲು ಕೇಳುತ್ತಾರೆ. ಹಾಜರಿಯನ್ನು ಮಾತ್ರ ನಾನು ‘ಎಸ್ ಟೀಚರ್’ ಎಂಬ ದನಿಗೆ ಎಂದೂ ಹಾಕಲಿಲ್ಲ. ತಲೆ ಎತ್ತಿ ಮುಖ ನೋಡಿಯೇ ಹಾಕಿದ್ದು.

ಇನ್ನು ಪಡಸಾಲೆಯಲ್ಲಿ ನಾನು ಎದುರಿಗೇ ಕೂತು ಓದುವುದನ್ನು ಓಣಿಯವರು ಕಂಡ ಮೇಲೆ ಕಂಬದ ಮಹಿಮೆ ಒಂದೇ ವಾರದಲ್ಲಿ ಇಳಿಯಿತು. ಕಟ್ಟೆಯ ಮೇಲೆ ಕಸ ಮತ್ತೆ ಬೀಳತೊಡಗಿತು. ಕಾಯಿ ಬರುವುದು ನಿಂತಿತು. ಉಳಿದೆಲ್ಲದರಲ್ಲಿ ಅತ್ತೆ ನನ್ನ ಕಡೆಗೇ ಇದ್ದರು, ಈ ಒಂದಕ್ಕೆ ಮಾತ್ರ ಕೊನೆಯವರೆಗೂ ನನ್ನನ್ನು ಕ್ಷಮಿಸಲಿಲ್ಲ. ಚಟ್ನಿ ಅರೆಯುವಾಗಲೆಲ್ಲ ಕಂಬದ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು.